ಹೆಸರು ಮೈಸೂರಿನದು, ಪೀಠ ಬೆಂಗಳೂರಿನದು: ಬೆಂಗಳೂರು ಮಹಾಧರ್ಮಪ್ರಾಂತ್ಯದ ನಾಯಕತ್ವ ಮತ್ತು ಭಾಷೆ

1886ರ ಸೆಪ್ಟೆಂಬರಿನಲ್ಲಿ ಹದಿಮೂರನೆಯ ಲಿಯೋ ಪೋಪರು ಭಾರತದಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಶ್ರೇಣಿಯನ್ನು ಸ್ಥಾಪಿಸಿದಾಗ ನಮ್ಮ ಸೀಮೆಯ ಮಿಷನ್ನಿಗೆ ‘ಮೈಸೂರು ಧರ್ಮಪ್ರಾಂತ್ಯ’ ಎಂಬ ಸ್ಥಾನ ದೊರೆಯಿತು. ಅದರ ಧರ್ಮಾಧ್ಯಕ್ಷರು ಮಾತ್ರ ಮೈಸೂರಿನಲ್ಲಿ ಇರಲಿಲ್ಲ. ಅವರ ನಿವಾಸವೂ ಕಚೇರಿಯೂ ಬೆಂಗಳೂರಿನ ದಂಡಿನಲ್ಲಿದ್ದವು. ಅರಸರು ಮೈಸೂರಿನಲ್ಲಿ, ಆಡಳಿತ ಬೆಂಗಳೂರಿನಲ್ಲಿ ಎಂಬ ಸಂಸ್ಥಾನದ ಏರ್ಪಾಟನ್ನು ನೆನಪಿಸುವಂತೆ ಇದು ಕಾಣುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಸಂಸ್ಥಾನದ ಆಡಳಿತ ನಡೆಯುತ್ತಿದ್ದ ಅಠಾರ ಕಚೇರಿ ಮಹಾರಾಜರ ನೆಲದ ಮೇಲಿತ್ತು. ದಂಡು ಪ್ರದೇಶವನ್ನು, 1881ರಲ್ಲಿ ಸಂಸ್ಥಾನವನ್ನು ಅರಸರಿಗೆ ಮರಳಿಸುವ ಹೊತ್ತಿನಲ್ಲಿ, ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡಿದ್ದರು. ಹೀಗೆ ಮೈಸೂರಿನ ಹೆಸರು ಹೊತ್ತ ಧರ್ಮಾಧ್ಯಕ್ಷರು ಮೈಸೂರಿನ ಆಳ್ವಿಕೆಗೆ ಒಳಪಡದ ನೆಲದಲ್ಲಿ ಕುಳಿತು ಸಂಸ್ಥಾನದ ಹಳ್ಳಿಹಳ್ಳಿಯ ಕ್ರೈಸ್ತರನ್ನು ನೋಡಿಕೊಳ್ಳುತ್ತಿದ್ದರು.

ಬೆಂಗಳೂರು ಮಹಾಧರ್ಮಪ್ರಾಂತ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಪಟ್ಟಿಯಾಗಿ, ಅವರು ಕಟ್ಟಿಸಿದ ಚರ್ಚು, ಶಾಲೆ, ಆಸ್ಪತ್ರೆಗಳ ಲೆಕ್ಕವಾಗಿ ಬರೆಯುವುದು ವಾಡಿಕೆ. ಆ ಲೆಕ್ಕ ಬೇಕೇ ಬೇಕು. ಆದರೆ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಒಳಸೆಳೆತ ಬೇರೆ ಕಡೆ ಇದೆ: ಹಳೆಯ ಜೆಸ್ವಿತ್ ಕಾಲದ ಕನ್ನಡ, ತೆಲುಗು ಹಳ್ಳಿಗಳು ಒಂದೆಡೆ, ದಂಡಿನ ಜೊತೆ ಬಂದ ತಮಿಳು ಮತ್ತು ಇಂಗ್ಲಿಷ್ ಮಾತಿನ ಸಭೆ ಇನ್ನೊಂದೆಡೆ. ಈ ಎರಡನ್ನೂ ಒಂದೇ ಪೀಠದಿಂದ ಆಳುವುದು ಹೇಗೆ ಎಂಬ ಪ್ರಶ್ನೆಗೆ ಪ್ರತಿಯೊಬ್ಬ ಅಧ್ಯಕ್ಷರೂ ಒಂದಲ್ಲ ಒಂದು ಬಗೆಯಲ್ಲಿ ಉತ್ತರ ಕೊಡಬೇಕಾಯಿತು.

ಮೊದಲ ಎಳೆ ಹಳ್ಳಿಗಳದು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದ ಕೊನೆಗೆ, ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ನೆಲೆಗೊಳಿಸಿದರು. ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದವರು ಅವರು. ಅವರ ಹಿಂದೆ ಬಂದವರು ಬಯಲುಸೀಮೆಯ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಸಭೆಗಳನ್ನು ಕಟ್ಟಿದರು. 1773ರಲ್ಲಿ ಪೋಪರೇ ಜೆಸ್ವಿತ್ ಸಂಘವನ್ನು ರದ್ದು ಮಾಡಿದ್ದರಿಂದ ಈ ಸಭೆಗಳು ಕುರುಬನಿಲ್ಲದ ಮಂದೆಯಂತಾದವು. ಪುದುಚೇರಿಯಲ್ಲಿ ನೆಲೆ ಮಾಡಿಕೊಂಡ ಪ್ಯಾರಿಸ್ಸಿನ ಪರದೇಶ ಮಿಷನ್ ಸಂಘ ಆ ಜವಾಬ್ದಾರಿಯನ್ನು ವಹಿಸಿಕೊಂಡಿತಾದರೂ ಟಿಪ್ಪುವಿನ ಕಾಲ ಮುಗಿಯುವವರೆಗೆ ಹೆಚ್ಚೇನೂ ಮಾಡಲಾಗಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರು ಆ ಸಂಘದ ಪಾದ್ರಿ ಅಬ್ಬೆ ದ್ಯುಬುವಾ. ಜನ ಅವರನ್ನು ದೊಡ್ಡಸ್ವಾಮಿಗಳು ಎಂದು ಕರೆದರು. ಹಿಂದೂಗಳ ರೀತಿನೀತಿಗಳ ಬಗ್ಗೆ ಅವರ ಹೆಸರಿನಲ್ಲಿ ಬಂದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಸ್ಥಳೀಯ ಚರಿತ್ರೆಗೆ ಅದಕ್ಕಿಂತ ಮುಖ್ಯವಾದವು ಬೇರೆ ಎರಡು: ಹಾಸನದ ಬಳಿ ಸತ್ತಿಹಳ್ಳಿಯಲ್ಲಿ ಅವರು ಬೇಸಾಯಗಾರ ಕ್ರೈಸ್ತರನ್ನು ನೆಲೆಗೊಳಿಸಿದ್ದು, ಮತ್ತು ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದ್ದು. ಮೂವತ್ತು ವರ್ಷ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರು, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಅಚ್ಚಿನಲ್ಲೇ ವಾದಿಸಿದರು. ಪ್ರಾಟೆಸ್ಟೆಂಟ್ ಮಿಷನರಿಗಳು ಅದಕ್ಕೆ ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ. ಮಿಷನ್ ಕಟ್ಟಿದವರೇ ಮಿಷನ್ನಿನ ಭವಿಷ್ಯದ ಬಗ್ಗೆ ಇಷ್ಟು ನಿರಾಶರಾಗಿದ್ದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಎರಡನೆಯ ಎಳೆ 1809ರಲ್ಲಿ ಶುರುವಾಗುತ್ತದೆ. ಬ್ರಿಟಿಷರು ಹಲಸೂರಿನ ಬಳಿ ದಂಡು ಹೂಡಿದಾಗ ಮದರಾಸು ಪ್ರಾಂತ್ಯದಿಂದ ತಮಿಳು ಸಿಪಾಯಿಗಳು, ಅಡುಗೆಯವರು, ಕುದುರೆ ಚಾಕರಿಯವರು, ಗುತ್ತಿಗೆದಾರರು, ಅಗಸರು ಗುಂಪುಗುಂಪಾಗಿ ಬಂದರು. ಅವರಲ್ಲಿ ಕಥೋಲಿಕರ ಸಂಖ್ಯೆ ಸಣ್ಣದಾಗಿರಲಿಲ್ಲ. ಗೋರಾ ಪಲ್ಟನ್ನಿನಲ್ಲಿ ಐರಿಷ್ ಸೋಲ್ಜರುಗಳಿದ್ದರು. ಬ್ರಿಗೇಡ್ ರಸ್ತೆಯ ಸಂತ ಪ್ಯಾಟ್ರಿಕ್ಕರ ದೇವಾಲಯದ ಹೆಸರೇ ಅವರ ಗುರುತು. ಬ್ಲ್ಯಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ, ಹುಲ್ಲುಹೊದಿಕೆಯ ಒಂದು ಪ್ರಾರ್ಥನಾ ಮಂದಿರ ತಮಿಳು ಕಥೋಲಿಕರ ಕೇಂದ್ರವಾಯಿತು. ಕೆಲವೇ ದಶಕಗಳಲ್ಲಿ ದಂಡಿನ ಸಭೆ ಹಳ್ಳಿಗಳ ಸಭೆಗಿಂತ ದೊಡ್ಡದಾಯಿತು, ಹಣದಲ್ಲೂ ಮುಂದಾಯಿತು. ಪೀಠ ಮೈಸೂರಿನ ಬದಲು ಬೆಂಗಳೂರಿನಲ್ಲಿ ಊರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಪೀಠಕ್ಕೆ ಆಕಾರ ಕೊಟ್ಟವರು ಎತಿಯೆನ್ ಲೂಯಿ ಶಾರ್ಬೊನ್ನೊ. 1845ರಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. 1850ರಲ್ಲಿ ಮೈಸೂರು ಮಿಷನ್ ಪುದುಚೇರಿಯಿಂದ ಬೇರ್ಪಟ್ಟು ಸ್ವತಂತ್ರ ವಿಕಾರಿಯೇಟ್ ಆಯಿತು. 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರನ್ನು ಫ್ರಾನ್ಸಿನಿಂದ ಕರೆಸಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಡಿಪಾಯ ಹಾಕಿಸಿದವರು ಅವರೇ. ಅವರ ಕಾಲದ ಮಿಷನ್ ಮುದ್ರಣಾಲಯ 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟನ್ನು, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟನ್ನು ಹೊರತಂದಿತು. ಕಿಟ್ಟೆಲರ ನಿಘಂಟು ಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಈ ಎರಡು ಪುಸ್ತಕಗಳ ಬೆಲೆ ತಿಳಿಯುತ್ತದೆ. ನಮ್ಮ ನಿಘಂಟು ಚರಿತ್ರೆಗಳಲ್ಲಿ ರೀವ್ ಮತ್ತು ಕಿಟ್ಟೆಲ್ ನಡುವೆ ಇವು ಮರೆಯಾಗಿಬಿಟ್ಟಿವೆ. ಲ್ಯಾಟಿನ್ ಬಲ್ಲ ಕನ್ನಡ ವಿದ್ವಾಂಸರು ಕಡಿಮೆಯಾದದ್ದೇ ಅದಕ್ಕೆ ಕಾರಣವಿರಬೇಕು. ದಂಡಿನ ತಮಿಳು ಸಭೆಯ ಮಧ್ಯೆ ಕುಳಿತ ಫ್ರೆಂಚರು ಕನ್ನಡಕ್ಕೆ ಇಷ್ಟು ಶ್ರಮ ಹಾಕಿದ್ದು ಏಕೆ? ಹಳ್ಳಿಗಳಿಗೆ ಕಳಿಸುವ ಹೊಸ ಪಾದ್ರಿಗಳಿಗೆ ಭಾಷೆ ಕಲಿಸಬೇಕಿತ್ತು. ಫ್ರೆಂಚ್ ಆಡಳಿತದಲ್ಲಿ ಕನ್ನಡ ಹಳ್ಳಿಯ ಭಾಷೆಯಾಗಿ, ತಮಿಳು ಮತ್ತು ಇಂಗ್ಲಿಷ್ ಪೇಟೆಯ ಭಾಷೆಗಳಾಗಿ ನಿಂತವು. ಈ ವಿಭಜನೆ ಆಗ ಯಾರಿಗೂ ಸಮಸ್ಯೆಯಾಗಿ ಕಾಣಲಿಲ್ಲ. ಬಲಿಪೂಜೆ ಹೇಗೂ ಎಲ್ಲರಿಗೂ ಸಮಾನವಾಗಿ ಅರ್ಥವಾಗದ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು.

1873ರಲ್ಲಿ ಶಾರ್ಬೊನ್ನೊ ತೀರಿಕೊಂಡ ಮೇಲೆ ಶೆವಾಲಿಯೆ, ಕೊಅದು, ಕ್ಲೈನರ್, ಬಾಸ್ಲೆ, ತೆಸಿಯೆ, ದೆಸ್ಪಾತ್ಯೂರ್ ಎಂಬ ಆರು ಮಂದಿ ಫ್ರೆಂಚರು ಸಾಲಾಗಿ ಬಂದರು. ಶೆವಾಲಿಯೆ ಅವರ ಕಾಲ 1876–78ರ ಮಹಾಕ್ಷಾಮದ್ದು. ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಸಾಕಿ, ದೊಡ್ಡವರಾದ ಮೇಲೆ ಜಮೀನು ಕೊಟ್ಟು ನೆಲೆಗೊಳಿಸಲು ಮಿಷನ್ ಹೊಸ ಊರುಗಳನ್ನೇ ಕಟ್ಟಿತು. ಬೆಂಗಳೂರಿನ ಹೊರವಲಯದ ಸಿಲುವೆಪುರ, ಮರಿಯಾಪುರಗಳು ಈ ಕ್ಷಾಮದ ಮಕ್ಕಳ ಊರುಗಳು. ಕೊಅದು ಅವರ ಹತ್ತು ವರ್ಷಗಳಲ್ಲಿ ನಗರದ ದೊಡ್ಡ ಸಂಸ್ಥೆಗಳು ತಲೆಯೆತ್ತಿದವು: 1882ರಲ್ಲಿ ಸಂತ ಜೋಸೆಫರ ಕಾಲೇಜು, ಅದೇ ವರ್ಷ ಸೆಪ್ಟೆಂಬರ್ 8ರಂದು ಶಿವಾಜಿನಗರದ ಗಾಥಿಕ್ ಶೈಲಿಯ ಸಂತ ಮೇರಿ ದೇವಾಲಯದ ಪ್ರತಿಷ್ಠೆ, 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆ. ಆ ದೇವಾಲಯವನ್ನು ನಿಂತು ಕಟ್ಟಿಸಿದ ಪಾದ್ರಿ ಕ್ಲೈನರ್ 1890ರಿಂದ ಇಪ್ಪತ್ತು ವರ್ಷ ಧರ್ಮಾಧ್ಯಕ್ಷರಾಗಿದ್ದರು. 1974ರಲ್ಲಿ ಆ ದೇವಾಲಯಕ್ಕೆ ಬಸಿಲಿಕಾ ಮನ್ನಣೆ ಬಂತು. ಸೆಪ್ಟೆಂಬರಿನ ಹಬ್ಬದಲ್ಲಿ ಸೀರೆಯುಟ್ಟ ಆರೋಗ್ಯಮಾತೆಯ ತೇರಿಗೆ ಸೇರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ.

ಪೀಠ ಭಾರತೀಯರ ಕೈಗೆ ಬಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಥಳೀಯ ಗುರುಗಳನ್ನು ಬೆಳೆಸಿ ಅವರಿಗೇ ಅಧಿಕಾರ ಕೊಡಿ ಎಂದು ಹದಿನೈದನೆಯ ಬೆನೆಡಿಕ್ಟ್ ಪೋಪರು 1919ರಲ್ಲೇ ಪ್ರೇಷಿತ ಪತ್ರದಲ್ಲಿ ಒತ್ತಾಯಿಸಿದ್ದರು. 1923ರಲ್ಲಿ ತೂತುಕುಡಿಗೆ ಲ್ಯಾಟಿನ್ ವಿಧಿಯ ಭಾರತೀಯ ಧರ್ಮಾಧ್ಯಕ್ಷರು ಬಂದರು. ಪುದುಚೇರಿಯಲ್ಲಿ 1778ರಲ್ಲಿ ಆರಂಭವಾಗಿದ್ದ ಸಂತ ಪೇತ್ರರ ಗುರುಮಠ 1934ರಲ್ಲಿ ಮಲ್ಲೇಶ್ವರಕ್ಕೆ ಸ್ಥಳಾಂತರವಾಯಿತು. ಕೊನೆಗೆ 1940ರ ಫೆಬ್ರವರಿ 13ರಂದು ಹನ್ನೆರಡನೆಯ ಪಿಯೂಸ್ ಪೋಪರು ಮೈಸೂರು ಧರ್ಮಪ್ರಾಂತ್ಯವನ್ನು ಒಡೆದು ಬೆಂಗಳೂರನ್ನು ಪ್ರತ್ಯೇಕಿಸಿದರು. ದೆಸ್ಪಾತ್ಯೂರ್ ಬೆಂಗಳೂರಿನಲ್ಲೇ ಉಳಿದರು. ಮೈಸೂರಿಗೆ ರೆನೆ ಫ್ಯೂಗಾ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ್ದ ಸಂತ ಫಿಲೋಮಿನಾ ದೇವಾಲಯ ಹೀಗೆ ತಕ್ಕ ಹೊತ್ತಿಗೆ ಸಿದ್ಧವಾಗಿ ಹೊಸ ಮೈಸೂರು ಪೀಠಕ್ಕೆ ಒದಗಿತು.

1942ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಥಾಮಸ್ ಪೋತಕಮೂರಿ ನೇಮಕವಾದರು. ಫ್ರೆಂಚ್ ಸಂಘ ಮೈಸೂರನ್ನು 1960ರ ದಶಕದವರೆಗೆ ತನ್ನ ಬಳಿಯೇ ಇಟ್ಟುಕೊಂಡು, ಶಾಲೆ, ಕಾಲೇಜು, ಆಸ್ಪತ್ರೆಗಳಿದ್ದ ನಗರದ ಭಾಗವನ್ನು ಮೊದಲು ಭಾರತೀಯರಿಗೆ ಬಿಟ್ಟುಕೊಟ್ಟದ್ದು ಗಮನಾರ್ಹ. ಮಿಷನರಿಗೆ ಹಳ್ಳಿಯೇ ಕೆಲಸದ ಜಾಗ ಎಂಬ ನಂಬಿಕೆ ಇದರ ಹಿಂದಿದೆ ಎಂದು ನನಗನಿಸುತ್ತದೆ. ಬಂದವರು ಆಂಧ್ರದ ತೆಲುಗರು. ತಮಿಳರೂ ಅಲ್ಲ, ಕನ್ನಡಿಗರೂ ಅಲ್ಲ. ಇದು ಆಕಸ್ಮಿಕವೋ ಜಾಣ್ಮೆಯೋ, ಫಲ ಮಾತ್ರ ಒಂದೇ: ಇಪ್ಪತ್ತೈದು ವರ್ಷ ಪೀಠ ಎರಡೂ ಕಡೆಯಿಂದ ಸಮದೂರದಲ್ಲಿ ಉಳಿಯಿತು. 1953ರ ಸೆಪ್ಟೆಂಬರ್ 19ರಂದು ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು. ಗೋವೆಯಿಂದ ಬೇರ್ಪಡಿಸಿ ಬೆಳಗಾವಿ ಧರ್ಮಪ್ರಾಂತ್ಯವನ್ನು ರಚಿಸಿದ್ದೂ ಅದೇ ದಿನ. ಭಾಷಾವಾರು ರಾಜ್ಯ ಆಗಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಮುಂದೆ ಮಂಗಳೂರು, ಮೈಸೂರು, ಬಳ್ಳಾರಿ, ಬೆಳಗಾವಿ, ಚಿಕ್ಕಮಗಳೂರು, ಕಾರವಾರ, ಶಿವಮೊಗ್ಗ, ಗುಲ್ಬರ್ಗ, ಉಡುಪಿಗಳೆಲ್ಲ ಬೆಂಗಳೂರಿನ ಪ್ರಾಂತಕ್ಕೆ ಸೇರಿ ಕರ್ನಾಟಕದ ನಕ್ಷೆಗೆ ಸರಿಹೊಂದುವ ಧರ್ಮಸಭೆಯ ನಕ್ಷೆ ಮೂಡಿತು.

ಬಿಕ್ಕಟ್ಟು ಹುಟ್ಟಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. ಲ್ಯಾಟಿನ್ ಹೋಗಿ ಜನರ ಭಾಷೆಯಲ್ಲಿ ಪೂಜೆ ಬರಲಿ ಎಂದು ಸಭೆ ಹೇಳಿದ ಕ್ಷಣ, ಯಾವ ಜನ, ಯಾವ ಭಾಷೆ ಎಂಬ ಪ್ರಶ್ನೆ ಬೆಂಗಳೂರಿನ ಪ್ರತಿ ಧರ್ಮಕೇಂದ್ರದ ಬಾಗಿಲಲ್ಲಿ ನಿಂತಿತು. ಭಾನುವಾರದ ಬೆಳಗಿನ ಪೂಜೆಗಳ ವೇಳಾಪಟ್ಟಿ ಅಧಿಕಾರದ ಹಂಚಿಕೆಯ ಪಟ್ಟಿಯಾಯಿತು. ಆ ಹೊತ್ತಿನಲ್ಲಿ, 1968ರಿಂದ 1971ರವರೆಗೆ, ಮಹಾಧರ್ಮಾಧ್ಯಕ್ಷರಾಗಿದ್ದವರು ಪುದುಚೇರಿಯಿಂದ ಬಂದ ಸೈಮನ್ ಲೂರ್ದುಸ್ವಾಮಿ. ಮುಂದೆ ರೋಮಿಗೆ ಹೋಗಿ 1985ರಲ್ಲಿ ಕಾರ್ಡಿನಲ್ ಆದವರು. ಅವರ ತಮ್ಮ ಅಮಲೋರ್ಪವದಾಸ್ 1967ರಲ್ಲಿ ಬೆಂಗಳೂರಿನಲ್ಲೇ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿಗಳ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಅಂಜಲಿ ಮುದ್ರೆ, ಆರತಿ ಮುಂತಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆಯೂ ಸಿಕ್ಕಿತು. ಇಡೀ ದೇಶದ ಪೂಜೆಯನ್ನು ಭಾರತೀಯಗೊಳಿಸುವ ಪ್ರಯೋಗ ಇಲ್ಲಿ ನಡೆಯುತ್ತಿದ್ದಾಗಲೇ ಅಕ್ಕಪಕ್ಕದ ಧರ್ಮಕೇಂದ್ರಗಳಲ್ಲಿ ಕನ್ನಡ ಪೂಜೆ ಎಷ್ಟು ಗಂಟೆಗೆ ಎಂಬ ಜಗಳ ಬಗೆಹರಿದಿರಲಿಲ್ಲ. ಆರತಿಗೆ ಭಾಷೆ ಬೇಡ, ಪ್ರಬೋಧನೆಗೆ ಬೇಕು.

ಲೂರ್ದುಸ್ವಾಮಿಯವರ ನಂತರ ಬಂದ ಪಾಕಿಯಂ ಆರೋಗ್ಯಸ್ವಾಮಿ ಕೂಡ ತಮಿಳರು. ಅವರು 1986ರವರೆಗೆ ಇದ್ದು ಆಮೇಲೆ ತಂಜಾವೂರಿಗೆ ಹೋದರು. ಈ ಹದಿನೆಂಟು ವರ್ಷಗಳಲ್ಲಿ ಕನ್ನಡ ಕಥೋಲಿಕರ ಅಸಮಾಧಾನ ಸಂಘಟಿತ ಹೋರಾಟವಾಯಿತು. ನಾಡಿನಲ್ಲಿ ಗೋಕಾಕ್ ಚಳವಳಿಯ ಬಿಸಿಯಿದ್ದ ಕಾಲವದು. ತಮ್ಮ ಪೂರ್ವಜರು ದಂಡು ಬರುವ ಮೊದಲೇ ಈ ನೆಲದಲ್ಲಿ ಜಪಸರ ಹಿಡಿದವರು ಎಂಬುದು ಹಳ್ಳಿಗಳಿಂದ ಬಂದ ಕನ್ನಡಿಗರ ವಾದ. ತಾವೂ ಆರೇಳು ತಲೆಮಾರಿನಿಂದ ಇಲ್ಲಿಯವರೇ, ಈ ದೇವಾಲಯಗಳನ್ನು ಕಟ್ಟಿದ್ದು ತಮ್ಮ ಅಜ್ಜಂದಿರ ಕಾಣಿಕೆ ಎಂಬುದು ತಮಿಳರ ವಾದ. ಚರಿತ್ರೆಯ ದೃಷ್ಟಿಯಿಂದ ಎರಡೂ ನಿಜ. ಅದೇ ತೊಡಕು.

ರೋಮ್ ಕಂಡುಕೊಂಡ ದಾರಿ ಕರಾವಳಿಯದು. 1986ರಲ್ಲಿ ಚಿಕ್ಕಮಗಳೂರಿನಿಂದ ಅಲ್ಫೋನ್ಸಸ್ ಮಥಾಯಸ್, 1998ರಲ್ಲಿ ಶಿವಮೊಗ್ಗದಿಂದ ಇಗ್ನೇಷಿಯಸ್ ಪಿಂಟೊ, 2004ರಲ್ಲಿ ಬೆಳಗಾವಿಯಿಂದ ಬರ್ನಾರ್ಡ್ ಮೊರಾಸ್, 2018ರಲ್ಲಿ ಮತ್ತೆ ಬೆಳಗಾವಿಯಿಂದ ಪೀಟರ್ ಮಚಾದೊ. ನಾಲ್ವರೂ ಕರಾವಳಿ ಮೂಲದವರು, ನಾಲ್ವರೂ ಕರ್ನಾಟಕದ ಬೇರೊಂದು ಧರ್ಮಪ್ರಾಂತ್ಯವನ್ನು ನಡೆಸಿ ಅನುಭವ ಪಡೆದು ಬಂದವರು. ಕನ್ನಡ ನಾಡಿನವರು, ಕನ್ನಡ ಬಲ್ಲವರು. ಆದರೆ ಮನೆಮಾತು ಕೊಂಕಣಿ. 1942ರಲ್ಲಿ ತೆಲುಗರನ್ನು ತಂದ ಸಮದೂರದ ಸೂತ್ರದ ಇನ್ನೊಂದು ರೂಪ ಇದು ಎಂದು ನಾನು ಓದುತ್ತೇನೆ. ಚಿನ್ನಾಮಿಯ ಮಿಷನ್ನಿನಿಂದ ಬೆಳೆದ ಬಯಲುಸೀಮೆಯ ಕನ್ನಡ ಸಭೆಗೆ ಇದರಿಂದ ಅರ್ಧ ತೃಪ್ತಿ ಮಾತ್ರ ಸಿಕ್ಕಿತು.

ಹೊರಗಿನ ಒತ್ತಡಗಳು ಈ ಒಳಜಗಳವನ್ನು ಕೆಲಮಟ್ಟಿಗೆ ಹಿಂದಕ್ಕೆ ಸರಿಸಿದವು. 2008ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಲವೆಡೆ ಚರ್ಚುಗಳ ಮೇಲೆ ದಾಳಿಗಳಾದಾಗ ಮೊರಾಸ್ ಸರ್ಕಾರದ ಮುಂದೆ ಬಹಿರಂಗವಾಗಿಯೇ ನೋವು ತೋಡಿಕೊಂಡರು. ಕ್ರೈಸ್ತರ ಮೇಲಿನ ಹಲ್ಲೆಗಳ ವಿಷಯವಾಗಿ ಮಚಾದೊ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2022ರ ಮತಾಂತರ ನಿಷೇಧ ಕಾಯ್ದೆಯನ್ನೂ ವಿರೋಧಿಸಿದರು. ದಂಡಿನಲ್ಲಿ ಕುಳಿತು ಬ್ರಿಟಿಷ್ ರೆಸಿಡೆಂಟರ ನೆರೆಯವರಾಗಿದ್ದ ಫ್ರೆಂಚ್ ಅಧ್ಯಕ್ಷರಿಗೆ ಇಂಥ ಸಾರ್ವಜನಿಕ ಪಾತ್ರ ಇರಲಿಲ್ಲ.

ಈ ನಡುವೆ ನಗರವೇ ಬದಲಾಯಿತು. ಕೇರಳದಿಂದ ಬಂದ ಸಿರೋ-ಮಲಬಾರ್ ಕಥೋಲಿಕರು ತಮ್ಮದೇ ಅಧ್ಯಕ್ಷರನ್ನು ಬಯಸಿದರು. 2015ರಲ್ಲಿ ಫ್ರಾನ್ಸಿಸ್ ಪೋಪರು ಅವರ ಮಂಡ್ಯ ಧರ್ಮಪ್ರಾಂತ್ಯದ ವ್ಯಾಪ್ತಿಯನ್ನು ಬೆಂಗಳೂರಿಗೂ ವಿಸ್ತರಿಸಿದರು. ಮೈಸೂರಿನ ಹೆಸರಿನಲ್ಲಿ ಬೆಂಗಳೂರಿನ ಪೀಠ ನಡೆದಿದ್ದ ಊರಿನಲ್ಲಿ ಈಗ ಮಂಡ್ಯದ ಹೆಸರಿನ ಪೀಠವೂ ಆಡಳಿತ ನಡೆಸುತ್ತಿದೆ. ಬೆಂಗಳೂರು, ರಾಮನಗರ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಿಗೆ ಹರಡಿದ ಲ್ಯಾಟಿನ್ ಮಹಾಧರ್ಮಪ್ರಾಂತ್ಯಕ್ಕೆ 2024ರ ಆಗಸ್ಟಿನಲ್ಲಿ ಆರೋಗ್ಯರಾಜ್ ಸತೀಶ್ ಕುಮಾರ್ ಮತ್ತು ಜೋಸೆಫ್ ಸೂಸೈನಾಥನ್ ಎಂಬ ಇಬ್ಬರು ಸಹಾಯಕ ಧರ್ಮಾಧ್ಯಕ್ಷರು ನೇಮಕವಾದರು.