ಅರಸನ 360 ಎಲೆ, ಊರಿನ ನಾಲ್ಕು ಕವಡೆ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಬಿ.ಜಿ. ಕೆರೆ. ಮೊಳಕಾಲ್ಮುರು ತಾಲ್ಲೂಕಿನ ಈ ಸೀಮೆ ಶೇಂಗಾ ಮತ್ತು ಕುರಿಗಳದ್ದು. ಮಳೆ ಕಡಿಮೆ, ಬಿಸಿಲು ಹೆಚ್ಚು. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನ ಇಂಥ ಊರುಗಳ ಕಟ್ಟೆಯ ಮೇಲೆ ಆಟ ಹೂಡಲು ಹೆಚ್ಚೇನೂ ಬೇಕಿರಲಿಲ್ಲ. ಇದ್ದಿಲಿನಿಂದ ಗೀಚಿದ ಮನೆಗಳು, ನಾಲ್ಕು ಕವಡೆ, ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ, ಕಾಯಿಗಳಿಗೆ ಕಲ್ಲು, ಕಡ್ಡಿ, ಬಳೆಚೂರು. ಇವೆಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಆಟದ ಕಟ್ಟಳೆ ಬಲ್ಲ ಹಿರಿಯರೊಬ್ಬರು.

ಚೌಕಾಬಾರವನ್ನೇ ನೋಡಿ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕು ಜನ, ತಲಾ ನಾಲ್ಕು ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಈ ಎರಡು ಗರಕ್ಕೂ ಮತ್ತೊಮ್ಮೆ ಹಾಕುವ ಹಕ್ಕುಂಟು. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿನಲ್ಲಿ ದಿಕ್ಕು ಬದಲಿಸಿ, ನಡುಮನೆ ಸೇರಿದರೆ ಹಣ್ಣು. ಗೊತ್ತಿಲ್ಲದವರೂ ಒಂದು ಆಟ ಕೂತು ನೋಡಿದರೆ ಇಷ್ಟನ್ನು ಕಲಿತುಬಿಡುತ್ತಾರೆ.

ತೊಡಕು ಶುರುವಾಗುವುದು ಆಮೇಲೆ. ಒಂದೇ ಮನೆಯಲ್ಲಿ ಕೂತ ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೆ? ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯಬಹುದೆ? ದೊಡ್ಡ ಗರ ಸತತವಾಗಿ ಮೂರು ಸಲ ಬಿದ್ದರೆ ಅದು ಲೆಕ್ಕಕ್ಕೆ ಬರುತ್ತದೆಯೋ, ಸುಟ್ಟುಹೋಗುತ್ತದೆಯೋ? ಉತ್ತರ ಊರಿನಿಂದ ಊರಿಗೆ ಬೇರೆ, ಕೆಲವೊಮ್ಮೆ ಒಂದೇ ಬೀದಿಯ ಎರಡು ಮನೆಗಳಲ್ಲೂ ಬೇರೆ. ಆದ್ದರಿಂದಲೇ ಮೊದಲ ಕವಡೆ ಉರುಳುವ ಮುನ್ನ ಮಾತು ಮುಗಿಯಬೇಕು. "ಜೋಡಿ ಹೊಡಿಯಂಗಿಲ್ಲ, ಮೊದ್ಲೇ ಹೇಳೀನಿ" ಎಂದು ಹಿರಿಯರು ಸಾರಿದರೆ ಆ ಹೊತ್ತಿನ ಆಟಕ್ಕೆ ಅದೇ ಕಾನೂನು. ಚಿಕ್ಕ ಮಕ್ಕಳು ಕೂತಿದ್ದರೆ ಜೋಡಿಯ ಗೋಜನ್ನೇ ಬಿಟ್ಟು ಆಡಿಸಬಹುದು. ಅವರು ಪಳಗಿದ ಮೇಲೆ ಒಂದೊಂದಾಗಿ ಸೇರಿಸಬಹುದು.

ಕುರಿ ಸಾಕುವ ಈ ಸೀಮೆಗೆ ಹುಲಿ-ಕುರಿ ಆಟ ಹೇಳಿ ಮಾಡಿಸಿದ್ದು. ಗಡಿಯಾಚೆಯ ತೆಲುಗರಿಗೆ ಅದೇ ಆಟ ಪುಲಿ-ಮೇಕ. ಮೂರು ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬೇಕು, ಕುರಿಗಳು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬೇಕು. ಕಟ್ಟಳೆ ನಾಲ್ಕು ವಾಕ್ಯದಲ್ಲಿ ಮುಗಿಯುತ್ತದೆ. ಲೆಕ್ಕಾಚಾರ ಮಾತ್ರ ಮುಗಿಯುವುದಿಲ್ಲ. ಈ ಆಟದ ಆಳವೆಲ್ಲ ಇರುವುದು ನಡೆಯಲ್ಲಿ, ನಿಯಮದಲ್ಲಲ್ಲ.

1799ರ ನಂತರ, ಬಿ.ಜಿ. ಕೆರೆಯೂ ಸೇರಿದ ಚಿತ್ರದುರ್ಗದ ಸೀಮೆ ಮೈಸೂರು ಒಡೆಯರ ಸಂಸ್ಥಾನಕ್ಕೆ ಸೇರಿತ್ತು. ಕುರಿ ಕಾಯುವವರು ಇಲ್ಲಿ ಕಲ್ಲು ನಡೆಸುತ್ತಿದ್ದ ಕಾಲದಲ್ಲೇ ಅವರ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಆಟಗಳನ್ನು ಬೇರೊಂದು ತುದಿಗೆ ಒಯ್ಯುತ್ತಿದ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅರಸರ ಬುದ್ಧಿಯ ಬಹುಪಾಲು ಕಲೆ, ಗ್ರಂಥ, ಆಟಗಳ ಕಡೆ ಹರಿಯಿತು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಇಡೀ ಹಾಸನ್ನು ಸುತ್ತುವ ದಾರಿಗಳನ್ನು ಅವರು ಕಂಡುಹಿಡಿದರು; ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ ಅಂಕಿ ಹಾಕಿದರೆ ಸಾಲು, ಕಂಬಗಳ ಮೊತ್ತ ಒಂದೇ ಬರುವ ಮಾಯಾಚೌಕವಾಗುವಂತೆಯೂ ಹೆಣೆದರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲು.

ಇಸ್ಪೀಟಿನಂಥ ಆಟವಾದ ಗಂಜೀಫಾಕ್ಕೆ ಅವರು ಮಾಡಿದ ಎಲೆಗಳ ಕಥೆ ಇನ್ನೂ ದೊಡ್ಡದು. ಆಗ ಬಳಕೆಯಲ್ಲಿದ್ದ ಮೊಗಲ್ ಗಂಜೀಫಾದಲ್ಲಿ 96 ಎಲೆ, ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ 12ರಂತೆ 120 ಎಲೆ. ದಶಾವತಾರದ ಆಟವೂ ಹಗುರವಲ್ಲ: ಅರ್ಧ ಅವತಾರಗಳಲ್ಲಿ ಅಂಕಿ ಏರಿದಷ್ಟೂ ಬಲ, ಉಳಿದರ್ಧದಲ್ಲಿ ಇಳಿದಷ್ಟೂ ಬಲ, ಹಗಲಲ್ಲಿ ಕೂತರೆ ರಾಮ ಇದ್ದವರು ಆಟ ತೆಗೆಯಬೇಕು, ರಾತ್ರಿಯಾದರೆ ಕೃಷ್ಣ. ಆದರೂ ಅವತಾರಗಳ ಕಥೆ ಎಲ್ಲರಿಗೂ ಗೊತ್ತಿದ್ದರಿಂದ ನೆನಪಿಗೆ ಆಸರೆಯಿತ್ತು. ಮುಮ್ಮಡಿಯವರು ರೂಪಿಸಿದ 'ಚದ' ಎಂಬ ಗಂಜೀಫಾ ಕಟ್ಟುಗಳಲ್ಲಿ ಒಂದೊಂದು ಪಂಗಡಕ್ಕೆ 12 ಅಂಕಿಯ ಎಲೆ, ಆರು ಚಿತ್ರದೆಲೆ. ಕಾಯಂ ಹುಕುಂ ಎಲೆಗಳು ಬೇರೆ, ಯಾವ ಎಲೆಯ ಬದಲಿಗೂ ನಿಲ್ಲುವ ಎಲೆಗಳು ಬೇರೆ. ದೊಡ್ಡ ಕಟ್ಟಿನಲ್ಲಿ ಎಲೆಗಳ ಸಂಖ್ಯೆ 360ಕ್ಕೆ ಮುಟ್ಟಿತು.

ಚಿತ್ರಕಲೆಯಾಗಿ, ಗಣಿತವಾಗಿ ಅದು ಬೆರಗು ಹುಟ್ಟಿಸುವ ಸಾಧನೆ. ಆಟವಾಗಿ ಮಾತ್ರ ಅದು ಅರಮನೆಯ ಬಾಗಿಲು ದಾಟಿದಂತೆ ಕಾಣುವುದಿಲ್ಲ. ಕಟ್ಟಳೆ ಗ್ರಂಥದಲ್ಲಿತ್ತು, ಅದನ್ನು ಬಾಯಲ್ಲಿ ಹೇಳಿ, ಕೂತವರ ಅಳವಿಗೆ ತಕ್ಕಂತೆ ಕಳಚಿ ಜೋಡಿಸಿ ಆಡಿಸುವವರು ಅರಮನೆಯ ಹೊರಗೆ ಬೆಳೆಯಲಿಲ್ಲ. ಬಿ.ಜಿ. ಕೆರೆಯಂಥ ಊರಿನ ಕಟ್ಟೆಗೆ ಎಂದೂ ಕೊರತೆಯಾಗದಿದ್ದದ್ದು ಅಂಥವರದೇ.

ಇದೇ ಇಕ್ಕಟ್ಟು ಅದೇ ಶತಮಾನದಲ್ಲಿ ಪ್ರಷ್ಯದ ಸೈನ್ಯಕ್ಕೂ ಎದುರಾಗಿತ್ತು. 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ರೂಪಿಸಿದ ಯುದ್ಧದಾಟ ನಕ್ಷೆ, ದಾಳ, ಸಾವುನೋವಿನ ಕೋಷ್ಟಕಗಳಿಂದ ತುಂಬಿತ್ತು. ಅಧಿಕಾರಿಗಳು ಕೋಷ್ಟಕದಲ್ಲೇ ಮುಳುಗಿ ಆಟ ತೆವಳತೊಡಗಿತು. 1876ರಲ್ಲಿ ಫೆರ್ದಿ ದು ವೆರ್ನ್ವಾ ಎಂಬ ಸೇನಾನಿ ಬಹುಪಾಲು ಕೋಷ್ಟಕಗಳನ್ನು ಬದಿಗಿಟ್ಟು, ಯುದ್ಧ ಬಲ್ಲ ಪಂಚನ ತೀರ್ಮಾನಕ್ಕೆ ಆಟವನ್ನು ಒಪ್ಪಿಸಿದ.

ಮುಂದೆ ಯುದ್ಧದಾಟಗಳ ಹವ್ಯಾಸದಿಂದಲೇ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹುಟ್ಟಿತು. ಇಲ್ಲಿ ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರವಾಗುತ್ತಾರೆ, ಒಬ್ಬರು ಆಟ ನಡೆಸುತ್ತಾರೆ. ನಿಯಮ ಬೆಳೆದು ಹೊಸಬರು ತತ್ತರಿಸಿದಾಗ 1977ರಲ್ಲಿ ಅದನ್ನು ಎರಡು ಕವಲು ಮಾಡಲಾಯಿತು: ಕಲಿಯುವವರಿಗೆ ಸರಳ ಪೆಟ್ಟಿಗೆ, ಪಳಗಿದವರಿಗೆ ದಪ್ಪ ಪುಸ್ತಕ. ಮಕ್ಕಳಿಗೆ ಜೋಡಿಯ ಗೋಜು ಬಿಟ್ಟು ಚೌಕಾಬಾರ ಆಡಿಸುವ ಅಜ್ಜಿ ಮಾಡುವುದೂ ಇದನ್ನೇ, ಪುಸ್ತಕವಿಲ್ಲದೆ.

ಮೈಸೂರಿನಲ್ಲಿ ಈಗ ಹಳೆಯ ಆಟಗಳಿಗೆ ಮರುಜೀವ ಬರುತ್ತಿದೆ. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಮುಮ್ಮಡಿಯವರ ಆಟದ ಹಾಸುಗಳಿವೆ. ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾಕೌಶಲ್ಯ' ಪ್ರದರ್ಶನಗಳ ಮೂಲಕ ಹಾಸು, ಕವಡೆ, ದಾಳಗಳನ್ನು ಮತ್ತೆ ಮನೆಮನೆಗೆ ತಲುಪಿಸಿದೆ. ಗಂಜೀಫಾ ರಘುಪತಿ ಭಟ್ಟರ ಕುಂಚದಿಂದ ಎಲೆಗಳ ಚಿತ್ರಕಲೆ ಉಳಿದಿದೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ಎಲೆಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರೇ ಹೆಚ್ಚು, ಹಂಚಿಕೊಂಡು ಆಡುವವರು ಕಡಿಮೆ. 360 ಎಲೆಯ ಚದದಿಂದ ಶುರುಮಾಡಬೇಕಿಲ್ಲ. ದಶಾವತಾರದ 120 ಎಲೆ, ಮೂವರಿಗೆ ತಲಾ 40, ಪಕ್ಕದಲ್ಲಿ ಕಟ್ಟಳೆ ಹೇಳಿಕೊಡುವ ಒಬ್ಬರು ಸಾಕು. ಮೊದಲ ದಿನ ಎಲ್ಲ ಅವತಾರಕ್ಕೂ ಅಂಕಿ ಏರಿದಂತೆ ಬಲವೆಂದೇ ಆಡಿಸಲಿ; ತಿರುಗುಮುರುಗಿನ ಲೆಕ್ಕ ಎರಡನೆಯ ದಿನಕ್ಕಿರಲಿ, ಹಗಲು ರಾಮ, ರಾತ್ರಿ ಕೃಷ್ಣ ಎಂಬುದು ಮೂರನೆಯ ದಿನಕ್ಕೆ.