ಆಮದು, ಉದ್ಯೋಗನಷ್ಟ ಮತ್ತು ಸರ್ಕಾರದ ಹೊಣೆ: ಅಮೆರಿಕದ ಕಾರ್ಮಿಕ ನೆರವು ಯೋಜನೆಯ ಚರಿತ್ರೆ (1962–2022)

ವಿದೇಶಿ ಸರಕು ಅಗ್ಗವಾಗಿ ಬಂದಾಗ ಅದರ ಲಾಭ ದೇಶದ ಕೋಟ್ಯಂತರ ಗ್ರಾಹಕರಿಗೆ ಹಂಚಿಹೋಗುತ್ತದೆ. ನಷ್ಟ ಮಾತ್ರ ಕೆಲವು ಊರುಗಳ, ಕೆಲವು ಕಾರ್ಖಾನೆಗಳ ಕಾರ್ಮಿಕರ ತಲೆಗೆ ಬರುತ್ತದೆ. ಹೀಗೆ ಕೆಲಸ ಕಳೆದುಕೊಂಡವರಿಗೆಂದೇ ಅಮೆರಿಕ ಆರು ದಶಕ ನಡೆಸಿದ ಯೋಜನೆ ‘ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್’ (ಟಿಎಎ). ಈ ನೆರವು ಕಾರ್ಮಿಕರ ಹಕ್ಕಾಗಿ ಎಂದೂ ನೆಲೆಗೊಳ್ಳಲಿಲ್ಲ, ವ್ಯಾಪಾರ ಮಸೂದೆಗಳಿಗೆ ಮತ ಗಳಿಸುವ ಸಾಧನವಾಗಿಯೇ ಬೆಳೆಯಿತು ಎಂಬುದು ಈ ಲೇಖನದ ವಾದ.

ಹುಟ್ಟು ಮತ್ತು ಮೊದಲ ಏಳು ವರ್ಷ

1954ರಲ್ಲಿ ವಿದೇಶಿ ಆರ್ಥಿಕ ನೀತಿಯ ಪರಿಶೀಲನೆಗೆ ನೇಮಕವಾಗಿದ್ದ ರ್‍ಯಾಂಡಲ್ ಆಯೋಗದ ಮುಂದೆ ಉಕ್ಕು ಕಾರ್ಮಿಕರ ಸಂಘದ ಅಧ್ಯಕ್ಷ ಡೇವಿಡ್ ಮೆಕ್‌ಡೊನಾಲ್ಡ್ ಇಂಥ ನೆರವಿನ ಪ್ರಸ್ತಾವ ಇಟ್ಟರು. ಆಯೋಗ ಒಪ್ಪಲಿಲ್ಲ. ಆಗ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ ಈ ವಿಚಾರವನ್ನು ಕೈಗೆತ್ತಿಕೊಂಡರು. ಅಧ್ಯಕ್ಷರಾದ ಮೇಲೆ 1962ರ ಅಕ್ಟೋಬರ್ 11ರಂದು ಅವರು ಸಹಿ ಹಾಕಿದ ವ್ಯಾಪಾರ ವಿಸ್ತರಣಾ ಕಾಯ್ದೆಯಲ್ಲಿ ಅದು ಸೇರಿತು. ಆ ಕಾಯ್ದೆ ಸುಂಕ ಇಳಿಸುವ ವ್ಯಾಪಕ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತ್ತು. ಕಾರ್ಮಿಕ ಸಂಘಗಳ ಬೆಂಬಲ ದೊರೆತದ್ದರಲ್ಲಿ ಈ ನೆರವಿನ ಭರವಸೆಯ ಪಾಲು ದೊಡ್ಡದು.

ಆದರೆ ನೆರವು ಪಡೆಯಲು ಎರಡು ಸಂಗತಿಗಳು ರುಜುವಾತಾಗಬೇಕಿತ್ತು. ಆಮದು ಹೆಚ್ಚಿದ್ದು ಮುಖ್ಯವಾಗಿ ಸುಂಕ ರಿಯಾಯಿತಿಯಿಂದಲೇ ಎಂಬುದು ಒಂದು, ಆ ಆಮದೇ ಉದ್ಯೋಗನಷ್ಟಕ್ಕೆ ಪ್ರಧಾನ ಕಾರಣ ಎಂಬುದು ಇನ್ನೊಂದು. 1969ರ ನವೆಂಬರ್‌ವರೆಗೆ, ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಸುಂಕ ಆಯೋಗದಲ್ಲಿ ಕಾರ್ಮಿಕರ ಒಂದೇ ಒಂದು ಅರ್ಜಿಯೂ ಗೆಲ್ಲಲಿಲ್ಲ. ಬೇಸತ್ತ ಕಾರ್ಮಿಕ ನಾಯಕರು ಇದನ್ನು ‘ಶವಸಂಸ್ಕಾರದ ವಿಮೆ’ ಎಂದು ಕರೆದರು. 1970ರ ದಶಕದ ಆರಂಭಕ್ಕೆ ದೇಶದ ಪ್ರಧಾನ ಕಾರ್ಮಿಕ ಒಕ್ಕೂಟ ಮುಕ್ತ ವ್ಯಾಪಾರದ ಪಕ್ಷ ತೊರೆದು, ಆಮದಿಗೆ ಮಿತಿ ಹೇರುವ ಬರ್ಕ್–ಹಾರ್ಟ್ಕೆ ಮಸೂದೆಯ ಬೆನ್ನಿಗೆ ನಿಂತಿತು.

ಸಡಿಲವಾದ ನಿಯಮ, ಬಿಗಿಯಾದ ಬಜೆಟ್

1974ರ ವ್ಯಾಪಾರ ಕಾಯ್ದೆ ಈ ಅಸಮಾಧಾನಕ್ಕೆ ಕೊಟ್ಟ ಉತ್ತರ. ಸುಂಕ ರಿಯಾಯಿತಿಯ ನಂಟು ತೋರಿಸುವ ಷರತ್ತು ಹೋಯಿತು. ಉದ್ಯೋಗನಷ್ಟಕ್ಕೆ ಆಮದು ಗಣನೀಯ ಕಾರಣವಾಗಿದ್ದರೆ ಸಾಕೆಂದಾಯಿತು. ತೀರ್ಮಾನದ ಹೊಣೆ ಕಾರ್ಮಿಕ ಇಲಾಖೆಗೆ ಬಂತು.

ಅರ್ಜಿಯ ವಿಚಾರಣೆ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಒಂದೇ ಕಾರ್ಖಾನೆಯ ಮೂವರು ಕಾರ್ಮಿಕರು ಸೇರಿ ಅರ್ಜಿ ಹಾಕಬಹುದಿತ್ತು. ತನಿಖಾಧಿಕಾರಿ ಕಂಪನಿಯ ಉತ್ಪಾದನೆ, ಮಾರಾಟಗಳ ಲೆಕ್ಕ ತರಿಸಿಕೊಳ್ಳುತ್ತಿದ್ದರು. ಅದು ಸಾಲದಿದ್ದರೆ ಕಂಪನಿಯ ಗಿರಾಕಿಗಳಿಗೆ ಪ್ರಶ್ನಾವಳಿ ಹೋಗುತ್ತಿತ್ತು: ಇವರಿಂದ ಖರೀದಿ ತಗ್ಗಿಸಿ ವಿದೇಶಿ ಮಾಲು ಕೊಂಡಿರಾ? ವರ್ಷಾನುಗಟ್ಟಲೆ ದುಡಿದವರ ಪಾಡು, ಅವರು ಕಂಡೇ ಇರದ ಯಾವುದೋ ಕಂಪನಿಯ ಖರೀದಿ ವಿಭಾಗ ಬರೆದುಕೊಡುವ ಉತ್ತರದ ಮೇಲೆ ನಿಂತಿರುತ್ತಿತ್ತು.

ಜಪಾನಿನ ಕಾರುಗಳ ಪೈಪೋಟಿಗೆ ಆರ್ಥಿಕ ಹಿಂಜರಿತವೂ ಸೇರಿ ಅಮೆರಿಕದ ಮೋಟಾರು ಉದ್ಯಮ ಕುಸಿದಾಗ ಯೋಜನೆಯ ಗಾತ್ರ ಏಕಾಏಕಿ ಹಿಗ್ಗಿತು. 1980ರ ಹಣಕಾಸು ವರ್ಷದಲ್ಲಿ ವೆಚ್ಚ ಸುಮಾರು 160 ಕೋಟಿ ಡಾಲರ್ ಮುಟ್ಟಿತು. ನೆರವು ಪಡೆದವರು 5 ಲಕ್ಷ ಮೀರಿದರು. ಮರುವರ್ಷವೇ ಅಧ್ಯಕ್ಷ ರೇಗನ್ ಆಡಳಿತ ಕತ್ತರಿ ಹಾಕಿತು. ಭತ್ಯೆ ಸಾಮಾನ್ಯ ನಿರುದ್ಯೋಗ ವಿಮೆಯ ಮಟ್ಟಕ್ಕಿಳಿಯಿತು, ಅದೂ ಆ ವಿಮೆ ಮುಗಿದ ಮೇಲಷ್ಟೇ. 1988ರಲ್ಲಿ ಭತ್ಯೆ ಬೇಕಾದರೆ ಮರುತರಬೇತಿಗೆ ಸೇರಲೇಬೇಕೆಂಬ ಷರತ್ತು ಬಂತು.

ಒಪ್ಪಂದಗಳ ಜೊತೆಗೆ ಬಂದ ರಿಯಾಯಿತಿಗಳು

1994ರಲ್ಲಿ ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ (ನಾಫ್ಟಾ) ಜಾರಿಯಾದಾಗ ಅದಕ್ಕೆಂದೇ ಪ್ರತ್ಯೇಕ ನೆರವು ಶುರುವಾಯಿತು. 2002ರಲ್ಲಿ ಅಧ್ಯಕ್ಷರಿಗೆ ಒಪ್ಪಂದ ಕುದುರಿಸುವ ತ್ವರಿತ ಅಧಿಕಾರ ಕೊಟ್ಟ ಕಾಯ್ದೆಯೇ ಕಾರ್ಮಿಕರ ಆರೋಗ್ಯ ವಿಮೆಗೆ ಶೇ. 65ರ ತೆರಿಗೆ ರಿಯಾಯಿತಿಯನ್ನೂ, 50 ವರ್ಷ ದಾಟಿದವರಿಗೆ ಕೂಲಿ ವಿಮೆಯನ್ನೂ ತಂದಿತು. ಕಡಿಮೆ ಸಂಬಳದ ಹೊಸ ಕೆಲಸಕ್ಕೆ ಸೇರಿದರೆ ಹಳೆಯ ಸಂಬಳಕ್ಕೂ ಹೊಸದಕ್ಕೂ ಇರುವ ಅಂತರದ ಅರ್ಧವನ್ನು ಎರಡು ವರ್ಷಗಳಲ್ಲಿ 10,000 ಡಾಲರ್ ಮೀರದಂತೆ ಸರ್ಕಾರ ಕೊಡುತ್ತಿತ್ತು. 2011, 2015ರ ನವೀಕರಣಗಳೂ ವ್ಯಾಪಾರ ಮಸೂದೆಗಳ ಜೊತೆಜೊತೆಗೇ ಬಂದವು.

ಕನ್ನಡಿಗರಿಗೆ ಹತ್ತಿರದ ಅಧ್ಯಾಯವೂ ಇದರಲ್ಲಿದೆ. ಸಾಫ್ಟ್‌ವೇರ್ ಕೆಲಸ ಬೆಂಗಳೂರಿನಂಥ ನಗರಗಳಿಗೆ ಸಾಗತೊಡಗಿದಾಗ ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರೂ ಅರ್ಜಿ ಹಾಕಿದರು. ನೆರವು ವಸ್ತು ತಯಾರಿಸುವವರಿಗಷ್ಟೇ, ಸಾಫ್ಟ್‌ವೇರ್ ‘ವಸ್ತು’ ಅಲ್ಲ ಎಂದು ಇಲಾಖೆ ತಿರಸ್ಕರಿಸುತ್ತಿತ್ತು. ನ್ಯಾಯಾಲಯದ ಹೋರಾಟದ ನಂತರ 2006ರಲ್ಲಿ ಇಲಾಖೆ ನಿಲುವು ಬದಲಿಸಿತು. 2009ರಲ್ಲಿ ಸೇವಾ ವಲಯದ ನೌಕರರೂ ವ್ಯಾಪ್ತಿಗೆ ಬಂದರು. ಈ ವಿಸ್ತರಣೆಯೊಂದು ಮಾತ್ರ ವ್ಯಾಪಾರ ಮಸೂದೆಯಲ್ಲಿ ಬಾರದೆ ಆರ್ಥಿಕ ಚೇತರಿಕೆಯ ಕಾಯ್ದೆಯಲ್ಲಿ ಬಂತು.

ಫಲಿತಾಂಶ ಮತ್ತು ನಿಲುಗಡೆ

ಯೋಜನೆಯ ಫಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 2012ರಲ್ಲಿ ಪ್ರಕಟವಾದ ಸರ್ಕಾರಿ ಮೌಲ್ಯಮಾಪನದಲ್ಲಿ ಫಲಾನುಭವಿಗಳ ಗಳಿಕೆ ನಾಲ್ಕು ವರ್ಷಗಳ ನಂತರವೂ ಇತರ ನಿರುದ್ಯೋಗಿಗಳಿಗಿಂತ ಹಿಂದಿತ್ತು. ಅರ್ಥಶಾಸ್ತ್ರಜ್ಞ ಬೆಂಜಮಿನ್ ಹೈಮನ್ ಅವರ 2018ರ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು: ನೆರವು ಪಡೆದವರು ಹತ್ತು ವರ್ಷಗಳಲ್ಲಿ ಒಟ್ಟು ಸುಮಾರು 50,000 ಡಾಲರ್ ಹೆಚ್ಚು ಗಳಿಸಿದ್ದರು. ಚೀನಾದ ಆಮದಿನ ಪರಿಣಾಮ ಕುರಿತು ಆಟರ್, ಡಾರ್ನ್, ಹ್ಯಾನ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೆಟ್ಟು ತಿಂದ ಪ್ರದೇಶಗಳಿಗೆ ಅಂಗವಿಕಲ ಭತ್ಯೆ, ವೈದ್ಯಕೀಯ ನೆರವಿನ ರೂಪದಲ್ಲಿ ಹರಿದ ಹಣದ ಮುಂದೆ ಟಿಎಎ ಪಾಲು ತೀರ ಅಲ್ಪ. ಅಂದರೆ ನೆರವು ಸಿಕ್ಕವರಿಗೆ ಅನುಕೂಲವಾಗಿರಬಹುದು, ಆದರೆ ಪೆಟ್ಟು ತಿಂದ ಬಹುಪಾಲು ಜನರನ್ನು ಅದು ತಲುಪಲೇ ಇಲ್ಲ.

2022ರ ಜುಲೈ 1ರಿಂದ ಹೊಸ ಅರ್ಜಿಗಳನ್ನು ಮಂಜೂರು ಮಾಡುವ ಅಧಿಕಾರ ಕಾರ್ಮಿಕ ಇಲಾಖೆಯ ಕೈತಪ್ಪಿತು. ಯೋಜನೆಯ ಅವಧಿ ಮುಗಿದಿತ್ತು, ಅದನ್ನು ಜೊತೆಗೆ ಹೊತ್ತೊಯ್ಯುವ ಯಾವ ದೊಡ್ಡ ವ್ಯಾಪಾರ ಮಸೂದೆಯೂ ಸಂಸತ್ತಿನ ಮುಂದಿರಲಿಲ್ಲ. ಕಾರ್ಮಿಕರ ಕಷ್ಟ ಆಗ ಮುಗಿದಿರಲಿಲ್ಲ, ಅವರ ಬೆಂಬಲದ ಅಗತ್ಯ ಮುಗಿದಿತ್ತು. ಕೆಲಸ ಹೋದದ್ದು ಏಕೆಂದು ಮೊದಲು ರುಜುವಾತಾಗಬೇಕಾದ, ಒಪ್ಪಂದದ ಬೆಲೆಯಾಗಿ ಮಾತ್ರ ಸಿಗುವ ನೆರವು ಬಾಳಿಕೆ ಬರುವುದಿಲ್ಲ. ಕೆಲಸ ಕಳೆದುಕೊಂಡ ಪ್ರತಿಯೊಬ್ಬರಿಗೂ ಕಾರಣ ಕೇಳದೆ ಸಲ್ಲುವ ಶಾಶ್ವತ ಹಕ್ಕಾದರೆ ಮಾತ್ರ ಅದು ಉಳಿಯುತ್ತದೆ.