ಸಾಲ ಕೊಡಿಸಿದ ಬಟಾಣಿ ಗಿಡ

ಕಲೆಯನ್ನೇ ಬಿಸಿನೆಸ್ ಮಾಡ್ಕೊಂಡವರಿಗೆ ಹೊಸ ಐಡಿಯಾ ಎಲ್ಲಿಂದ ಹೊಳೆಯುತ್ತೆ? ಪ್ಯಾಶನ್‌ನಿಂದ ಅಂತಾರೆ. ನಾನು ಕಾಮರ್ಸ್ ಓದಿದವನು, ಮೊದಲು ದುಡ್ಡಿನ ಲೆಕ್ಕ ನೋಡ್ತೀನಿ.

1912, ಮುಂಬೈ. ದಾದಾಸಾಹೇಬ್ ಫಾಲ್ಕೆ ವಿಮಾ ಪಾಲಿಸಿ ಅಡವಿಟ್ಟು ಲಂಡನ್‌ಗೆ ಹೋಗಿ, ಸಿನಿಮಾ ಕ್ಯಾಮೆರಾ ತಂದಿದ್ದರು. ಚಿತ್ರ ತೆಗೆಯೋಕೆ ಇನ್ನೂ ಹಣ ಬೇಕಿತ್ತು. ಆದರೆ ಸಾಲ ಕೊಡುವವರು ಅಡಮಾನ ಕೇಳ್ತಾರೆ. ಸಿನಿಮಾ ಇದ್ದದ್ದು ಫಾಲ್ಕೆಯವರ ತಲೆಯೊಳಗೆ. ಅದನ್ನು ಅಡವಿಡೋದು ಹೇಗೆ?

ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಗಿಡ ಬೆಳೆಯೋದನ್ನ ದಿನಾ ಸ್ವಲ್ಪ ಸ್ವಲ್ಪ ಚಿತ್ರೀಕರಿಸಿದರು. ದಿನಗಟ್ಟಲೆ ಬೆಳೆದ ಗಿಡ ಪರದೆ ಮೇಲೆ ನೋಡ್ತಾ ನೋಡ್ತಾ ಎದ್ದು ನಿಂತಿತು. ಅದನ್ನು ಕಣ್ಣಾರೆ ಕಂಡ ಮೇಲೆ ಸಾಲ ಹುಟ್ಟಿತು. ನಾವೀಗ ಡೆಮೊ ಅಂತೀವಲ್ಲ, ಅದೇ ಇದು.

ಇಲ್ಲದ್ದೇ ಮುಂದೆಯೂ ದಾರಿ ತೋರಿಸಿತು. ತಾರಾಮತಿ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ; ಹೋಟೆಲಲ್ಲಿ ಅಡುಗೆ ಮಾಡ್ತಿದ್ದ ಸಾಳುಂಕೆ ಸೀರೆ ಉಟ್ಟರು. ಕೆಲಸ ಗೊತ್ತಿದ್ದ ತಂತ್ರಜ್ಞರಿರಲಿಲ್ಲ; ಪತ್ನಿ ಸರಸ್ವತಿಬಾಯಿ ಫಿಲ್ಮ್ ಅಂಚಿಗೆ ತೂತು ಹಾಕೋದು, ತೊಳೆಯೋದು ಕಲಿತರು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು.

ಆದರೆ ‘ಕೊರತೆ ಇದ್ದರೇ ಹೊಸತು ಹುಟ್ಟೋದು’ ಅಂತ ಸುಮ್ಮನೆ ಹೇಳಿಬಿಡಬೇಡಿ. ಈ ಚಿತ್ರಕ್ಕಾಗಿ ಸರಸ್ವತಿಬಾಯಿಯವರ ಒಡವೆಯೂ ಅಡವಿಗೆ ಹೋಗಿತ್ತು. ಸಿನಿಮಾ ಓಡದೇ ಇದ್ದಿದ್ರೆ ಮುಳುಗ್ತಿದ್ದದ್ದು ಇಡೀ ಮನೆ. ಯಾರದಾದರೂ ಗೆಲುವಿನ ಕತೆ ಕೇಳಿದಾಗ, ರಿಸ್ಕ್ ಯಾರ ಹೆಗಲ ಮೇಲಿತ್ತು ಅಂತಲೂ ಕೇಳಿ.